ಎರಡು ಗೋಡೆ, ಒಂದು ಕುಂಚ

1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ಇಂದಿರಾ ಗಾಂಧಿಯವರ ಎದುರು ವೀರೇಂದ್ರ ಪಾಟೀಲರು. ಗೋಡೆ ಬರಹ ಬರೆಯುತ್ತಿದ್ದ ನಮ್ಮ ತಾತ ಒಂದು ಗೋಡೆಗೆ ಹಸ್ತ, ಎದುರಿನ ಗೋಡೆಗೆ ನೇಗಿಲು ಹೊತ್ತ ರೈತನನ್ನು ಬರೆದರಂತೆ. ಎರಡಕ್ಕೂ ಅದೇ ಕುಂಚ, ಅದೇ ಕೂಲಿ.

ಸಂಶೋಧನೆಗೆ ಸೇರಿ, ಕಲೆ ಮತ್ತು ಬದ್ಧತೆಯ ಬಗ್ಗೆ ನಾಲ್ಕು ಪುಸ್ತಕ ಓದಿದ ಮೇಲೆ ಈ ಕತೆ ನನಗೆ ನಾಚಿಕೆ ತರಿಸುತ್ತಿತ್ತು. ನಿಲುವಿಲ್ಲದವನು ಕಲಾವಿದ ಹೇಗಾದಾನು?

ಕಳೆದ ಚುನಾವಣೆಯಲ್ಲಿ ನನಗೆ ನಿಲುವಿತ್ತು. ಎದುರು ಪಕ್ಷದ ಮತದಾರರನ್ನು ಹೀಯಾಳಿಸುವ ಪೋಸ್ಟರೊಂದನ್ನು ಮಾಡಿ ಹಂಚಿದೆ. ಮೆಚ್ಚುಗೆಗಳು ಬಂದವು. ಅಪ್ಪ ನೋಡಿ, "ನಾನೂ ಅವರಿಗೇ ವೋಟು ಹಾಕೋದು ಕಣೋ" ಎಂದರು. ಆಮೇಲೆ, ತಾತ ಬಿಟ್ಟುಬಂದ ಒಂದು ಕೆಲಸದ ಸಂಗತಿ ಹೇಳಿದರು. ಎದುರಾಳಿಯನ್ನು ಬೈದು ಬರೆದರೆ ದುಪ್ಪಟ್ಟು ಕೂಲಿ ಎಂದಾಗ, "ನಾಳೆ ಇದೇ ಬೀದೀಲಿ ಓಡಾಡಬೇಕು" ಎಂದು ಬಣ್ಣದ ಡಬ್ಬ ಎತ್ತಿಕೊಂಡು ಬಂದಿದ್ದರಂತೆ.

ತಾತ ಮಾಡಿದ್ದೆಲ್ಲ ಸರಿ ಎನ್ನಲಾರೆ. ತುರ್ತುಪರಿಸ್ಥಿತಿ ಮುಗಿದು ಆಗಿನ್ನೂ ಎರಡು ವರ್ಷವಾಗಿರಲಿಲ್ಲ. ಎರಡೂ ಗೋಡೆ ಒಂದೇ ಎನ್ನುವುದು ಸಣ್ಣ ಮಾತಲ್ಲ. ಆದರೆ ಎಲ್ಲಿ ನಿಲ್ಲಬೇಕೆಂದು ಅವರ ಕೈಗೆ ಗೊತ್ತಿತ್ತು. ನನ್ನ ನಿಲುವಿಗೆ ಗೊತ್ತಿರಲಿಲ್ಲ.

ಪೋಸ್ಟರ್ ಅಳಿಸಿದೆ. ಅಪ್ಪನ ಜೊತೆ ವಾದ ಇನ್ನೂ ನಡೆದಿದೆ.