ಹುಣಿಸೆಯ ಕೊಂಬೆ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ನುಂಗಿತು. ಅಫ್ಜಲ್‌ಗಂಜಿನ ಹುಣಿಸೆಮರವೊಂದನ್ನೇರಿ ಸುಮಾರು 150 ಮಂದಿ ಬದುಕಿದರು. ಸಾವಿರಾರು ಮಂದಿ ಕೊಚ್ಚಿಹೋದರು. ಹೋದವರು ದೇವರನ್ನು ಕರೆಯಲಿಲ್ಲವೆ? ಕರೆದೇ ಇರಬೇಕು. ಆದುದರಿಂದ, ಉಳಿದುದೇ ಭಕ್ತಿಯ ಫಲವೆನ್ನುವುದು ಮಡಿದವರಿಗೆ ಎಸಗುವ ಅನ್ಯಾಯ.

ಸೋತ ಕೈ ಕೊಂಬೆಯನ್ನು ಬಿಡದಂತೆ ಹಿಡಿಸುವ ಬಲ, ಅದೇ ಕೊಂಬೆಯಲ್ಲಿ ಇನ್ನೊಬ್ಬನಿಗೆ ಎಡೆಗೊಡುವ ಮನಸ್ಸು, ಇವೇ ಭಗವಂತನ ಶಕ್ತಿಯೆಂದು ನನ್ನ ನಂಬಿಕೆ. ಆ ಶಕ್ತಿ ನೆರೆ ಇಳಿದ ಮೇಲೂ ಕೈಬಿಡಲಿಲ್ಲ. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರು ಇಲ್ಲಿಗೆ ಬಂದು, ಪ್ರವಾಹವನ್ನು ಮೇಲೆಯೇ ತಡೆಯುವ ಜಲಾಶಯಗಳ ಯೋಜನೆಯನ್ನಿತ್ತರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮೈದಳೆದವು.

ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಇಂದಿಗೂ ನಿಂತಿದೆ. ಬನ್ನಿಯನ್ನು ಹಂಚಿಕೊಳ್ಳುವ ಈ ವಿಜಯದಶಮಿಯಂದು ಆ ಹುಣಿಸೆಗೂ ಒಮ್ಮೆ ಕೈಮುಗಿಯೋಣ.