ಒಳಸಂಚೆಂಬ ಮಾತು

(ಧ್ಯಾನಕ್ಕೆ ಆಧಾರ: ಯೆಶಾಯ 8:12, 13, ಯೋಹಾನ 1:45-47)



ಗಜೇಂದ್ರಗಡ ತಾಲೂಕಿನ ರಾಜೂರಿನಲ್ಲಿ ಒಂದು ಬೆಳದಿಂಗಳ ರಾತ್ರಿ ಮನೆಪ್ರಾರ್ಥನೆ ಮುಗಿದ ಮೇಲೆ ನಾವು ಕೆಲವರು ಅಂಗಳದಲ್ಲಿ ಕೂತಿದ್ದೆವು. ಆ ಮನೆಯ ಮೊಮ್ಮಗಳು ಚಂದ್ರನನ್ನು ತೋರಿಸಿ, "ಅಜ್ಜಾ, ನಮ್ಮ ದೇಶದ ಯಂತ್ರವು ಅಲ್ಲಿ ಇಳಿದಿದೆ" ಎಂದಳು. ಅದಕ್ಕೆ ಮುದುಕನು, "ತಂಗೀ, ಅದೆಲ್ಲಾ ನಾಟಕ. ಅಲ್ಲಿಗೆ ಯಾವನೂ ಹೋಗಲಿಲ್ಲ, ಯಾವದೂ ಇಳಿಯಲಿಲ್ಲ. ದೊಡ್ಡವರೆಲ್ಲಾ ಕೂಡಿಕೊಂಡು ನಮ್ಮ ಕಣ್ಣು ಕಟ್ಟುತ್ತಾರೆ" ಅಂದನು. ಹುಡುಗಿಯು ಗಟ್ಟಿಯಾಗಿ ನಕ್ಕಳು, ಕೂತವರೂ ನಕ್ಕರು. ಮುದುಕನು ಎದ್ದು ಒಳಗೆ ಹೋದನು. ಆ ರಾತ್ರಿ ಊಟಕ್ಕೂ ಬರಲಿಲ್ಲ. ನಾವು ಮಾಡಿದ ಪ್ರಾರ್ಥನೆಗಿಂತ ಆ ನಗೆಯೇ ನನ್ನ ಮನಸ್ಸಿನಲ್ಲಿ ಬಹಳ ದಿವಸ ಉಳಿಯಿತು.

ಯೆಶಾಯನ ದಿವಸಗಳಲ್ಲಿಯೂ ಇಂಥ ಮಾತು ಎದ್ದಿತ್ತು. ಅರಾಮಿನ ಅರಸನೂ ಇಸ್ರಾಯೇಲಿನ ಅರಸನೂ ಯೆಹೂದದ ಮೇಲೆ ಬರುತ್ತಾರೆಂಬ ಸುದ್ದಿಗೆ ಅರಸನೂ ಪ್ರಜೆಯೂ ನಡುಗಿದರು. ಎಲ್ಲಿ ನೋಡಿದರೂ ಒಳಸಂಚು ಎಂಬದೇ ಮಾತಾಯಿತು. ಆಗ ದೇವರು ತನ್ನ ಪ್ರವಾದಿಗೆ, ಜನರು ಒಳಸಂಚೆನ್ನುವದನ್ನೆಲ್ಲಾ ನೀನು ಹಾಗೆನ್ನಬೇಡ, ಅವರ ಭಯವು ನಿನ್ನ ಭಯವಾಗದಿರಲಿ ಎಂಬ ಅರ್ಥದಲ್ಲಿ ಎಚ್ಚರಿಸಿದನು. ಲೋಕದಲ್ಲಿ ಸಂಚುಗಳೇ ಇಲ್ಲವೆಂದು ದೇವರು ಹೇಳಲಿಲ್ಲ. ಆ ಇಬ್ಬರು ಅರಸರು ನಿಜವಾಗಿ ಸಂಚುಮಾಡಿದ್ದರು. ಆದರೆ ಪರೀಕ್ಷಿಸದೆ ಕೇಳಿದ್ದಕ್ಕೆಲ್ಲಾ ಅದೇ ಹೆಸರಿಡುವದು ದೇವಭಯವುಳ್ಳವರಿಗೆ ತಕ್ಕದ್ದಲ್ಲ. ಹಾಗಾದರೆ ಒಳ್ಳೆಯ ಜನರೂ ಇಂಥ ಮಾತನ್ನು ಯಾಕೆ ನಂಬುತ್ತಾರೆ?

ಮೊದಲನೆಯದಾಗಿ, ಹಳೆಯ ಗಾಯದ ನಿಮಿತ್ತವಾಗಿ. ಮರುದಿನ ನಾನು ಆ ಹಿರಿಯನನ್ನು ಹೊಲದಲ್ಲಿ ಕಂಡೆನು. ಅವನು, "ಅಯ್ಯನವರೇ, ಪ್ರಾಯದಲ್ಲಿ ನಾನು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆನು. ಓದಿ ಹೇಳಿದ್ದು ಒಂದು, ಬರೆದದ್ದು ಇನ್ನೊಂದು. ಹೊಲ ಹೋಯಿತು. ಓದುಬಲ್ಲವರು ನಗುತ್ತಾ ನನಗೆ ಮೋಸಮಾಡಿದರು. ಈಗಲೂ ಓದುಬಲ್ಲವರೇ ನಗುತ್ತಾ ಹೇಳುತ್ತಾರೆ, ಹೇಗೆ ನಂಬಲಿ?" ಅಂದನು. ಪ್ರಿಯರೇ, ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದುತ್ತಾನಲ್ಲವೋ? ಅವನು ಮೂಢನಲ್ಲ, ಸುಟ್ಟುಕೊಂಡವನು.

ಎರಡನೆಯದಾಗಿ, ಭಯದ ನಿಮಿತ್ತವಾಗಿ. 1979ನೆಯ ಜುಲೈ ತಿಂಗಳಲ್ಲಿ ಅಮೇರಿಕದವರ ಸ್ಕೈಲ್ಯಾಬ್ ಎಂಬ ಆಕಾಶನಿಲಯವು ಕೆಳಗೆ ಬೀಳುವದೆಂಬ ಸುದ್ದಿಗೆ ನಮ್ಮ ದೇಶದ ಹಳ್ಳಿಹಳ್ಳಿಗಳಲ್ಲಿ ಎಷ್ಟೋ ಜನರು ಕಂಗೆಟ್ಟರು. ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿಯೂ ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿಯೂ ಬಿದ್ದವು. 2025ನೆಯ ಜನವರಿಯಲ್ಲಿ ಬೀದರ ಜಿಲ್ಲೆಯ ಜಲಸಂಗಿಯಲ್ಲಿ ಒಂದು ದೊಡ್ಡ ಬಲೂನು ಯಂತ್ರದ ಪೆಟ್ಟಿಗೆಯೊಡನೆ ಮನೆಯೊಂದರ ಮೇಲೆ ಬಿದ್ದಾಗ ಊರವರು ಬೆದರಿದರು. ಆದರೆ ಅದರೊಂದಿಗೆ ಒಂದು ಪತ್ರವಿತ್ತು. ಹೈದರಾಬಾದಿನಲ್ಲಿ ಟಾಟಾ ಸಂಶೋಧನ ಸಂಸ್ಥೆಯವರು ಆಕಾಶದ ಶೋಧನೆಗಾಗಿ ಹಾರಿಬಿಟ್ಟ ಬಲೂನು ಅದೆಂದು ಅದರಿಂದ ತಿಳಿದುಬಂತು. ಮೇಲಿಂದ ಬಿದ್ದದ್ದನ್ನು ಕಂಡು ಹೆದರುವದು ಸಹಜ. ಪತ್ರವನ್ನು ಓದದೆ ಕಥೆಕಟ್ಟುವದೇ ತಪ್ಪು.

ಮೂರನೆಯದಾಗಿ, ಗರ್ವದ ನಿಮಿತ್ತವಾಗಿ. ಲೋಕವೆಲ್ಲಾ ಮೋಸಹೋಯಿತು, ನಾನೊಬ್ಬನೇ ಗುಟ್ಟನ್ನು ಬಲ್ಲೆನು ಎಂಬ ಎಣಿಕೆಯು ಮನಸ್ಸಿಗೆ ಬಹು ಸಿಹಿ. ಈ ಗರ್ವವು ನಂಬದವರಿಗೆ ಮಾತ್ರ ಬರುವದೆಂದು ತಿಳಿಯಬೇಡಿರಿ. 2023ನೆಯ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲೆ, ಚಂದ್ರನ ಮಣ್ಣಿನಲ್ಲಿ ಅಶೋಕಸ್ತಂಭದ ಗುರುತು ಸ್ಪಷ್ಟವಾಗಿ ಮೂಡಿದೆಯೆಂದು ಒಂದು ಚಿತ್ರವು ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಅದು ಒಬ್ಬ ಕಲಾಕಾರನು ರಚಿಸಿದ ಚಿತ್ರವೇ ಹೊರತು ಚಂದ್ರನ ಮೇಲೆ ತೆಗೆದದ್ದಲ್ಲ. ಅಂದು ರಾಜೂರಿನ ಅಂಗಳದಲ್ಲಿ ನಕ್ಕವರಲ್ಲಿ ಒಬ್ಬನ ಮೊಬೈಲಿನಲ್ಲಿ ಅದೇ ಚಿತ್ರವನ್ನು ನಾನು ಕಂಡೆನು. ಮುದುಕನು ಗಾಯದಿಂದ ನಂಬದೆ ಹೋದನು. ಇವನು ಹೆಮ್ಮೆಯಿಂದ ನಂಬಿಬಿಟ್ಟನು. ಪರೀಕ್ಷೆಮಾಡಿದವರು ಇಬ್ಬರಲ್ಲಿ ಯಾರು?

ನಾಲ್ಕನೆಯದಾಗಿ, ಭಕ್ತಿಯ ನಿಮಿತ್ತವಾಗಿಯೇ ಕೆಲವರು ನಂಬುವದಿಲ್ಲ. ಪರಲೋಕವು ಯೆಹೋವನದು, ಭೂಮಿಯು ಮನುಷ್ಯರದು ಎಂದು ಕೀರ್ತನಕಾರನು ಹಾಡಿರಲಾಗಿ ಮನುಷ್ಯನು ಅಲ್ಲಿಗೆ ಕಾಲಿಡಬಹುದೋ ಎಂದು ಅವರು ಕೇಳುತ್ತಾರೆ. ಇವರು ಎರಡು ಸಂಗತಿಗಳನ್ನು ತಿಳಿಯಲಿ. 1968ನೆಯ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಮುಂಚಿನ ರಾತ್ರಿ, ಚಂದ್ರನನ್ನು ಸುತ್ತುತ್ತಿದ್ದ ಮೂವರು ಅಮೇರಿಕದವರು ಆದಿಕಾಂಡದ ಮೊದಲಿನ ಹತ್ತು ವಚನಗಳನ್ನು ಲೋಕವೆಲ್ಲಾ ಕೇಳುವಂತೆ ಓದಿದರು. 1969ನೆಯ ಜುಲೈಯಲ್ಲಿ ಚಂದ್ರನ ಮೇಲೆ ಇಳಿದ ಇಬ್ಬರಲ್ಲಿ ಆಲ್ಡ್ರಿನ್ ಎಂಬವನು ಪ್ರೆಸ್ಬಿಟೇರಿಯನ್ ಸಭೆಯ ಹಿರಿಯನಾಗಿದ್ದನು. ವಾಹನದಿಂದ ಹೊರಗೆ ಕಾಲಿಡುವ ಮುಂಚೆ ಅವನು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಂಡು ಕರ್ತನನ್ನು ನೆನಸಿದನು. ಆ ಪ್ರಯಾಣವು ನಿಜವೆಂಬದಕ್ಕೆ ಇದೇ ಸಾಕ್ಷಿಯೆಂದು ನಾನು ಹೇಳುವದಿಲ್ಲ. ಆದರೆ ಚಂದ್ರನ ಬಳಿಗೆ ಹೋದವರೆಲ್ಲಾ ದೇವರನ್ನು ಮರೆತು ಹೋದರೆಂಬ ಭಯಕ್ಕೆ ಆಧಾರವಿಲ್ಲ.

ಸಾಕ್ಷಿ ಎಲ್ಲಿ ಎನ್ನುವಿರೋ? ಇಬ್ಬರು ಮೂವರ ಸಾಕ್ಷಿಯಿಂದ ಮಾತು ಸ್ಥಿರವಾಗಬೇಕೆಂಬದು ಮೋಶೆಯ ನಿಯಮ. ಅಂಥ ಸಾಕ್ಷಿಗಳನ್ನು ತೂಗಿ ನೋಡಿರಿ. ಅಂದು ರಶಿಯದವರು ಅಮೇರಿಕದವರಿಗೆ ಬದ್ಧವೈರಿಗಳಾಗಿದ್ದರು. ಮೋಸವಾಗಿದ್ದರೆ ಮೊದಲು ಸಾರುವವರು ಅವರೇ. ಅವರ ಸರಕಾರವು ಹಾಗೆ ಸಾರಲಿಲ್ಲ. ವೈರಿಯೇ ಒಪ್ಪಿದ ಮಾತಿಗೆ ಪಂಚರು ಬೆಲೆ ಕೊಡುವದಿಲ್ಲವೋ? ಆರು ಪ್ರಯಾಣಗಳಲ್ಲಿ ತಂದ ಸುಮಾರು 382 ಕಿಲೋಗ್ರಾಮ್ ಕಲ್ಲುಮಣ್ಣನ್ನು ಅನೇಕ ದೇಶಗಳ ಪಂಡಿತರು ಪರೀಕ್ಷಿಸಿದ್ದಾರೆ. ಅಲ್ಲಿ ಇಟ್ಟುಬಂದ ಕನ್ನಡಿಗಳ ಮೇಲೆ ಇಲ್ಲಿಂದ ಬೆಳಕಿನ ಕಿರಣವನ್ನು ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ತುಸು ಬೆಳಕು ಇಂದಿಗೂ ತಿರುಗಿ ಬರುತ್ತದೆ. ಗಾಳಿಯಿಲ್ಲದಲ್ಲಿ ಬಾವುಟವು ಹೇಗೆ ಹರಡಿತೆನ್ನುವವರು, ಅದರ ಮೇಲಂಚಿಗೆ ಅಡ್ಡಕೋಲು ಕಟ್ಟಿತ್ತೆಂಬದನ್ನು ಅರಿಯರು.

ನಮ್ಮವರ ಸಂಗತಿಯನ್ನೂ ಕೇಳಿರಿ. 2019ನೆಯ ಸೆಪ್ಟೆಂಬರ್ 7ರ ಬೆಳಗಿನ ಜಾವ, ಬೆಂಗಳೂರಿನ ಕೇಂದ್ರದಲ್ಲಿ ಪ್ರಧಾನಮಂತ್ರಿಗಳು ಕೂತಿರುವಾಗಲೇ, ದೇಶವೆಲ್ಲಾ ನೋಡುತ್ತಿರುವಾಗಲೇ, ಚಂದ್ರಯಾನ-2ರ ಇಳಿಯುವ ಯಂತ್ರವು ಮೌನವಾಗಿ ಬಿದ್ದುಹೋಯಿತು. ಸಂಸ್ಥೆಯ ಮುಖ್ಯಸ್ಥರು ಎಲ್ಲರ ಮುಂದೆ ಅತ್ತರು. ನಾಟಕವಾಡುವವನು ತನ್ನ ಸೋಲನ್ನು ಆಡಿ ತೋರಿಸುವನೋ? ನಾಲ್ಕು ವರುಷ ದುಡಿದು ತಪ್ಪನ್ನು ತಿದ್ದಿಕೊಂಡ ಮೇಲೆ ಅವರಿಗೆ ಜಯವಾಯಿತು. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ, ಹಳ್ಳಿಗರ ಹೊಲಗಳ ನಡುವೆ, ದೂರದ ನೌಕೆಗಳ ಸಂಕೇತಗಳನ್ನು ಹಿಡಿಯುವ 32 ಮೀಟರ್ ಅಗಲದ ದೊಡ್ಡ ತಟ್ಟೆಯು ನಿಂತಿದೆ. ಇದರಲ್ಲಿ ದುಡಿದವರು ಸಾವಿರಾರು ಮಂದಿ, ನಮ್ಮಂಥವರ ಮಕ್ಕಳು. ಎಲ್ಲವೂ ಸುಳ್ಳೆಂದು ಹೇಳುವವನು ತನ್ನ ಸಂದೇಹವನ್ನು ಮಾತ್ರ ಹೇಳುವದಿಲ್ಲ. ತಾನು ಕಾಣದ ಸಾವಿರ ಜನರನ್ನು ಸುಳ್ಳುಗಾರರೆನ್ನುತ್ತಾನೆ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ಇಲ್ಲಿಯೂ ಸಲ್ಲುತ್ತದೆ.

ಹಾಗಾದರೆ ನಂಬದವನನ್ನು ನಾವು ಹೇಗೆ ನಡಿಸಿಕೊಳ್ಳಬೇಕು? ನಜರೇತಿನಿಂದ ಒಳ್ಳೆಯದೇನು ಬಂದೀತೆಂದು ನತಾನಯೇಲನು ಹೀಯಾಳಿಸಿದಾಗ ಫಿಲಿಪ್ಪನು ನಗಲಿಲ್ಲ, ಜಗಳವಾಡಲಿಲ್ಲ. ತಾನೇ ಬಂದು ಕಣ್ಣಾರೆ ಕಾಣಬೇಕೆಂದು ಅವನನ್ನು ಕರೆದನು. ಕರ್ತನಾದರೋ ಆ ಸಂದೇಹಗಾರನಲ್ಲಿ ಕಪಟವಿಲ್ಲವೆಂದು ಮೆಚ್ಚಿಕೊಂಡನು. ಸತ್ಯವು ಪರೀಕ್ಷೆಗೆ ಕರೆಯುತ್ತದೆ. ಗಾಳಿಮಾತು ಪರೀಕ್ಷೆಗೆ ಹೆದರುತ್ತದೆ.

ರಾಜೂರಿನ ಆ ಹುಡುಗಿಯು ಅಜ್ಜನ ಹೊಲದ ಕಥೆಯನ್ನು ಕೇಳಿ ಅತ್ತಳು; ಅವನ ಕಾಲು ಹಿಡಿದು ಕ್ಷಮೆ ಬೇಡಿದಳು. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಒಂದೂವರೆ ತಾಸಿಗೊಮ್ಮೆ ಭೂಮಿಯನ್ನು ಸುತ್ತುವ ಅಂತರರಾಷ್ಟ್ರೀಯ ನಿಲಯವುಂಟು. 2025ನೆಯ ಜೂನ್ ಜುಲೈ ತಿಂಗಳುಗಳಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅಲ್ಲಿ ವಾಸಮಾಡಿದರು. ಕೆಲವು ದಿವಸ ಸಾಯಂಕಾಲದಲ್ಲಾಗಲಿ ನಸುಕಿನಲ್ಲಾಗಲಿ ಅದು ಬರಿಗಣ್ಣಿಗೆ ಕಾಣುವದು. ಕಾಣುವ ಹೊತ್ತನ್ನು ಮುಂಚೆಯೇ ತಿಳಿಸುತ್ತಾರೆ. ಹುಡುಗಿಯು ಆ ಹೊತ್ತನ್ನು ತಿಳಿದುಕೊಂಡು ಅಜ್ಜನ ಕೈಹಿಡಿದು ಮಾಳಿಗೆಗೆ ಕರೆದೊಯ್ದಳು. ಹೇಳಿದ ನಿಮಿಷಕ್ಕೆ ಹೇಳಿದ ದಿಕ್ಕಿನಿಂದ ಚುಕ್ಕೆಯಂಥ ಬೆಳಕು ಎದ್ದು, ಸದ್ದಿಲ್ಲದೆ ಊರನ್ನು ದಾಟಿ ಹೋಯಿತು. ಮುದುಕನು ಬಹಳ ಹೊತ್ತು ಸುಮ್ಮನಿದ್ದು, "ಇದನ್ನು ಕಂಡೆನು, ತಂಗೀ. ಚಂದ್ರನ ಮಾತನ್ನು ಇನ್ನೂ ತೂಗುತ್ತೇನೆ. ನೀನು ಓದಿ ಹೇಳು, ನಾನು ಕೇಳುತ್ತೇನೆ" ಅಂದನಂತೆ. ಓದುಬಲ್ಲವರು ಒಮ್ಮೆ ಮುರಿದದ್ದನ್ನು ಓದುಬಲ್ಲ ಮಗುವೊಂದು ಕಟ್ಟತೊಡಗಿತು.

ಆದಕಾರಣ, ಪ್ರಿಯರೇ, ಕೇಳಿದ ಸುದ್ದಿಯನ್ನು ತೂಗದೆ ಹಬ್ಬಿಸಬೇಡಿರಿ. ತೂಗಲಾರದವನನ್ನು ನೋಡಿ ನಗಬೇಡಿರಿ. ಚಂದ್ರನನ್ನೂ ನಕ್ಷತ್ರಗಳನ್ನೂ ಉಂಟುಮಾಡಿದ ಸತ್ಯಸ್ವರೂಪನಾದ ದೇವರು ನಮ್ಮ ಕಣ್ಣುಗಳಿಗೆ ಬೆಳಕನ್ನೂ ನಮ್ಮ ನಾಲಿಗೆಗೆ ದಯೆಯನ್ನೂ ಅನುಗ್ರಹಿಸಲಿ. ಆಮೆನ್.