ನೇಮಿಸಿದವರ ಋಣ

1949ರ ಜೂನ್‌ನಲ್ಲಿ ಸಂವಿಧಾನ ರಚನಾ ಸಭೆ ಚುನಾವಣಾ ಆಯೋಗದ ವಿಧಿಯನ್ನು ಕೈಗೆತ್ತಿಕೊಂಡಿತು. ಮೊದಲಿನ ಕರಡಿನಲ್ಲಿ ರಾಜ್ಯಗಳ ಚುನಾವಣೆಗೆ ಬೇರೆ ಆಯೋಗಗಳಿದ್ದವು. ಅದನ್ನು ಬಿಟ್ಟು ಇಡೀ ದೇಶಕ್ಕೆ ಒಂದೇ ಆಯೋಗ ಇರಲಿ ಎಂದ ಅಂಬೇಡ್ಕರ್ ಕಾರಣವನ್ನು ಮುಚ್ಚಿಡಲಿಲ್ಲ. ಹೊರಗಿನಿಂದ ಬಂದವರು, ಬೇರೆ ಭಾಷೆಯವರು ಮತದಾರರ ಪಟ್ಟಿಗೆ ಸೇರದಂತೆ ಕೆಲವು ಪ್ರಾಂತಗಳಲ್ಲಿ ಸೂಚನೆಗಳು ಹೋಗುತ್ತಿದ್ದವು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಒಂದು ಮತವೂ ಬೀಳುವ ಮುಂಚೆಯೇ ಯಾರನ್ನು ಹೊರಗಿಡಬೇಕೆಂಬ ಲೆಕ್ಕಾಚಾರ ಶುರುವಾಗಿತ್ತು.

ಸಭೆಯ ಸದಸ್ಯ ಶಿಬ್ಬನ್‌ಲಾಲ್ ಸಕ್ಸೇನಾ ಇನ್ನೊಂದು ತೊಡಕು ಎತ್ತಿದರು. ರಾಷ್ಟ್ರಪತಿ ನೇಮಿಸುವುದೆಂದರೆ ಪ್ರಧಾನಿ ನೇಮಿಸಿದಂತೆಯೇ ತಾನೇ? ಹಾಗಾಗಿ ಮುಖ್ಯ ಚುನಾವಣಾ ಆಯುಕ್ತರ ನೇಮಕಕ್ಕೆ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಮೂರನೇ ಎರಡರಷ್ಟು ಬಹುಮತದ ಒಪ್ಪಿಗೆ ಬೇಕೆಂದು ಅವರು ಪಟ್ಟುಹಿಡಿದರು. ಮುಖ್ಯ ಆಯುಕ್ತರನ್ನು ತೆಗೆಯುವುದನ್ನು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಷ್ಟ ಮಾಡಿದ್ದಾಗಿತ್ತು. ಆದರೆ ದಡ್ಡನೋ, ಕಪಟಿಯೋ, ಸರ್ಕಾರದ ಕೈಗೊಂಬೆಯೋ ಆ ಕುರ್ಚಿಗೆ ಬರದಂತೆ ತಡೆಯುವ ಏರ್ಪಾಡು ಇಲ್ಲವೆಂದು ಅಂಬೇಡ್ಕರ್ ತಾವೇ ಒಪ್ಪಿಕೊಂಡರು. ಕೊನೆಗೆ ಉಳಿದದ್ದು ಸಂಸತ್ತು ಮುಂದೆ ಮಾಡುವ ಕಾನೂನಿಗೆ ಒಳಪಟ್ಟು ನೇಮಕ ಎಂಬ ಒಂದು ಸಾಲು. ಆ ಕಾನೂನು ಬಂದದ್ದು 2023ರಲ್ಲಿ.

ಇದು ಬರೀ ಕಾನೂನಿನ ಸಮಸ್ಯೆಯಾಗಿದ್ದರೆ ವಕೀಲರಿಗೆ ಬಿಟ್ಟುಬಿಡಬಹುದಿತ್ತು. ಇದರೊಳಗೊಂದು ಧರ್ಮಸೂಕ್ಷ್ಮವಿದೆ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡದ ಓದುಗರು ಕರ್ಣನಿಗೆ ಮನಸೋತದ್ದು ಯಾಕೆ? ತಾನು ಯಾರ ಮಗನೆಂದು ತಿಳಿದ ಮೇಲೂ, ರಾಜ್ಯವೇ ಸಿಗುತ್ತದೆಂದರೂ, ತನ್ನನ್ನು ಎತ್ತಿ ಕೂರಿಸಿದ ದುರ್ಯೋಧನನ ಋಣವನ್ನು ಆತ ಮರೆಯಲಿಲ್ಲ. ಆ ನಿಷ್ಠೆ ನಮಗೆ ದೊಡ್ಡ ಗುಣ. ಅದೇ ಗುಣವನ್ನು ಚುನಾವಣಾ ಆಯುಕ್ತರ ಕುರ್ಚಿಯ ಮೇಲಿಟ್ಟು ನೋಡಿದರೆ ಎದೆ ನಡುಗುತ್ತದೆ. ಅಲ್ಲಿ ಬೇಕಾದವರು ಋಣ ಮರೆಯಬಲ್ಲವರು, ಸಾಮಾನ್ಯ ಬದುಕಿನಲ್ಲಿ ಕೃತಘ್ನರೆಂದು ಕರೆಸಿಕೊಳ್ಳುವಂಥವರು.

ಈ ಇಕ್ಕಟ್ಟು ನಮ್ಮ ಹಿಂದಿನವರಿಗೂ ಗೊತ್ತಿತ್ತು. ಸುಮಾರು 900 ವರ್ಷಗಳ ಹಿಂದೆ, ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವಿಚಾರಕ್ಕೇ ಹೆಸರಾದ ಈ ಗ್ರಂಥದಲ್ಲಿ ರಾಜಸಭೆಯ ಮಾತೂ ಬರುತ್ತದೆ. ರಾಜ ನೇಮಿಸುವ ಸಭಾಸದರು ಶತ್ರು ಮಿತ್ರರನ್ನು ಸಮನಾಗಿ ಕಾಣುವವರಾಗಿರಬೇಕು ಎಂಬುದು ಸ್ಮೃತಿಯ ಮಾತು. ಸ್ಮೃತಿಕಾರ ಕಾತ್ಯಾಯನನನ್ನು ಆಧಾರವಾಗಿಟ್ಟು ವಿಜ್ಞಾನೇಶ್ವರ ಇನ್ನೂ ಮುಂದೆ ಹೋಗುತ್ತಾನೆ: ಅನ್ಯಾಯದ ಹಾದಿ ಹಿಡಿದ ರಾಜನ ಹಿಂದೆ ಹೋದ ಸಭಾಸದನೂ ಪಾಪದಲ್ಲಿ ಪಾಲುದಾರ, ಆದ್ದರಿಂದ ರಾಜನಿಗೆ ತಿಳಿಹೇಳಬೇಕಾದದ್ದು ಅವನ ಕರ್ತವ್ಯ. ನೇಮಿಸಿದವನನ್ನೇ ತಡೆಯುವುದು ನೇಮಕಗೊಂಡವನ ಧರ್ಮ! ಕೇಳಲು ಸೊಗಸು. ಆದರೆ ಬೇಲಿ ಇದ್ದದ್ದು ಸಭಾಸದನ ಪಾಪಭೀತಿಯಲ್ಲಿ ಮಾತ್ರ. ರಾಜ ಪಾಪಕ್ಕೆ ಅಂಜದವರನ್ನೇ ಹುಡುಕಿ ತಂದರೆ ಶಾಸ್ತ್ರದ ಕೈ ಕಟ್ಟಿಹೋಗುತ್ತದೆ.

ಆತ್ಮಸಾಕ್ಷಿಯೇ ಸಾಕು ಎನ್ನುವವರ ಬಳಿ ಒಳ್ಳೆಯ ಉದಾಹರಣೆಗಳಿವೆ. 1950ರಲ್ಲಿ ಬಂದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್, ಬೇಗ ಚುನಾವಣೆ ನಡೆಯಲಿ ಎಂಬ ನೆಹರೂ ಅವಸರಕ್ಕೆ ಮಣಿಯದೆ ಸಿದ್ಧತೆಗೆ ಸಮಯ ತೆಗೆದುಕೊಂಡರು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ ತಮ್ಮ ಹೆಸರು ಹೇಳಲೊಪ್ಪದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡುವ ಕಠಿಣ ನಿರ್ಧಾರವೂ ಅವರದೇ. 1990ರ ಡಿಸೆಂಬರ್‌ನಲ್ಲಿ ಚಂದ್ರಶೇಖರ್ ಸರ್ಕಾರ ತಂದ ಟಿ.ಎನ್. ಶೇಷನ್ ಯಾರ ಋಣವನ್ನೂ ಇಟ್ಟುಕೊಳ್ಳಲಿಲ್ಲ. 1993ರ ಆಗಸ್ಟ್‌ನಲ್ಲಿ ಆಯೋಗದ ಅಧಿಕಾರದ ಜಗಳ ತೀರುವವರೆಗೆ ಚುನಾವಣೆಗಳೇ ಬೇಡವೆಂದು ನಿಲ್ಲಿಸಿಬಿಟ್ಟರು. ಅದು ಅತಿಯಾಯಿತು ಅನ್ನಿ. ಆದರೆ ಆಳುವವರ ಉತ್ತರ ನೋಡಿ: ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಅವರ ಪಕ್ಕ ಸಮಾನ ಅಧಿಕಾರದ ಇನ್ನಿಬ್ಬರನ್ನು ಕೂರಿಸಿದರು. ತೆಗೆಯಲಾಗದವರನ್ನು ಅಲ್ಪಮತಕ್ಕೆ ಇಳಿಸುವ ದಾರಿ ಸಂವಿಧಾನದೊಳಗೇ ಇತ್ತು.

ಕಾರ್ಯಾಂಗ ಸಂಕೋಚವನ್ನೇ ಬಿಟ್ಟರೆ ಏನಾಗಬಹುದು ಎಂಬುದಕ್ಕೆ 1975 ಸಾಕ್ಷಿ. ಇಂದಿರಾ ಗಾಂಧಿಯವರ ರಾಯ್‌ಬರೇಲಿ ಗೆಲುವನ್ನು ಅಲಹಾಬಾದ್ ಹೈಕೋರ್ಟ್ ಜೂನ್ 12ರಂದು ಅಸಿಂಧುಗೊಳಿಸಿತು. ಕೋರ್ಟ್ ಎತ್ತಿಹಿಡಿದ ದೋಷಗಳಲ್ಲೊಂದು, ಅವರ ಚುನಾವಣಾ ಕೆಲಸ ಮಾಡಿದ ಯಶಪಾಲ್ ಕಪೂರ್ ಆಗಿನ್ನೂ ಸರ್ಕಾರಿ ನೌಕರರಾಗಿದ್ದರು ಎಂಬುದು. ಮೇಲ್ಮನವಿಯ ವಿಚಾರಣೆ ಆಗಸ್ಟ್ 11ಕ್ಕೆ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ, ಪ್ರಧಾನಿಯ ಆಯ್ಕೆಯನ್ನು ಕೋರ್ಟು ಮುಟ್ಟಬಾರದೆನ್ನುವ 39ನೇ ತಿದ್ದುಪಡಿ ಆಗಸ್ಟ್ 10ರಂದೇ ಜಾರಿಗೆ ಬಂತು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು, ಆದರೂ ಇಂದಿರಾ ಗೆದ್ದರು. ಸರ್ಕಾರ ಚುನಾವಣಾ ಕಾನೂನನ್ನು ಹಿಂದಿನಿಂದಲೇ ಅನ್ವಯಿಸುವಂತೆ ಬದಲಿಸಿತ್ತು. ನೌಕರ ಯಾವತ್ತು ಹುದ್ದೆ ಬಿಟ್ಟ ಎಂಬುದಕ್ಕೆ ಗೆಜೆಟ್‌ನಲ್ಲಿ ಅಚ್ಚಾದ ದಿನಾಂಕವೇ ಅಂತಿಮವಾಯಿತು. ಆಟ ಮುಗಿದ ಮೇಲೆ ಬರೆದ ನಿಯಮ ಆಟಕ್ಕೇ ಅನ್ವಯವಾಯಿತು.

ಎಲ್ಲ ಕಡೆಯೂ ಇಷ್ಟು ಗದ್ದಲ ಬೇಕಿಲ್ಲ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ ಎನ್ನುತ್ತಾ ಚುನಾವಣೆ ಮುಂದೂಡಿ, ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. ಆಳುವ ಪಕ್ಷ ಬದಲಾದರೂ ಈ ಅಭ್ಯಾಸ ಬದಲಾಗಲಿಲ್ಲ.

ಮತ್ತೆ ದೆಹಲಿಗೆ. ಆಯುಕ್ತರ ಅವಧಿ ಆರು ವರ್ಷ, ಇಲ್ಲವೇ 65 ವಯಸ್ಸು, ಯಾವುದು ಮೊದಲೋ ಅದು. ನಿವೃತ್ತಿ ಹತ್ತಿರವಿರುವವರನ್ನೇ ಆರಿಸಿದರೆ ಆರು ವರ್ಷ ಕಾಗದದಲ್ಲೇ ಉಳಿಯುತ್ತದೆ. 2004ರಿಂದೀಚೆಗೆ ಯಾವ ಮುಖ್ಯ ಆಯುಕ್ತರೂ ಅದನ್ನು ಪೂರೈಸಿದ್ದಿಲ್ಲ. 2022ರ ನವೆಂಬರ್‌ನಲ್ಲಿ ಅರುಣ್ ಗೋಯಲ್ ಸ್ವಯಂನಿವೃತ್ತಿ ಪಡೆದ ಮರುದಿನವೇ ಆಯುಕ್ತರಾದಾಗ ಆ ಮಿಂಚಿನ ವೇಗದ ಬಗ್ಗೆ ಸುಪ್ರೀಂ ಕೋರ್ಟೇ ಪ್ರಶ್ನೆ ಕೇಳಿತು. 2023ರ ಮಾರ್ಚ್ 2ರಂದು ಅನೂಪ್ ಬರನ್‌ವಾಲ್ ಪ್ರಕರಣದಲ್ಲಿ ಐವರ ಸಂವಿಧಾನ ಪೀಠ, ಸಂಸತ್ತು ಕಾನೂನು ಮಾಡುವವರೆಗೆ ಪ್ರಧಾನಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿಯ ಸಮಿತಿಯ ಸಲಹೆಯಂತೆ ನೇಮಕ ನಡೆಯಲಿ ಎಂದಿತು. ವರ್ಷ ಮುಗಿಯುವಷ್ಟರಲ್ಲಿ ಕಾನೂನು ಬಂತು. ಮುಖ್ಯ ನ್ಯಾಯಮೂರ್ತಿಯ ಜಾಗದಲ್ಲಿ ಪ್ರಧಾನಿಯೇ ಹೆಸರಿಸುವ ಕೇಂದ್ರ ಸಚಿವರು ಬಂದರು. ಪೀಠ ಹೇಳಿದ್ದು ಕಾನೂನು ಬರುವವರೆಗೆ ಎಂದಷ್ಟೇ ಎನ್ನುವ ಸರ್ಕಾರದ ವಾದ ಅಕ್ಷರಶಃ ಸರಿ. ಆದರೆ ಸಕ್ಸೇನಾ ಎತ್ತಿದ ತೊಡಕು ಆ ಸರಿತನದಿಂದ ಬಗೆಹರಿಯುವುದಿಲ್ಲ, ಏಕೆಂದರೆ ಮೂವರಲ್ಲಿ ಇಬ್ಬರ ಮತ ಒಂದೇ ಮನೆಯದು.

ಹೊಸ ಕಾನೂನಿನ ಮೊದಲ ನೇಮಕ 2024ರ ಮಾರ್ಚ್ 14ರಂದು, ಲೋಕಸಭಾ ಚುನಾವಣೆಯ ವೇಳಾಪಟ್ಟಿ ಹೊರಬೀಳುವ ಎರಡು ದಿನ ಮುಂಚೆ. ಸಮಿತಿಯಲ್ಲಿದ್ದ ಕಾಂಗ್ರೆಸ್ಸಿನ ಅಧೀರ್ ರಂಜನ್ ಚೌಧರಿ ಸಭೆಯಿಂದ ಹೊರಬಂದು ಪತ್ರಕರ್ತರಿಗೆ ಹೇಳಿದ್ದು ಇಷ್ಟು: ಹಿಂದಿನ ರಾತ್ರಿ 212 ಹೆಸರುಗಳ ಪಟ್ಟಿ ಕೈಗೆ ಬಂತು, ಅದರಲ್ಲಿ ಸೋಸಿದ ಆರು ಹೆಸರುಗಳು ಸಭೆಗೆ ಹತ್ತು ನಿಮಿಷ ಮುಂಚೆ. ಕಾನೂನಿಗೆ ತಡೆ ಕೊಡಲು ಮರುವಾರ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಚುನಾವಣೆ ಬಾಗಿಲಲ್ಲಿತ್ತು.